ಮೊದಲ ಹಿಮದ ಕಾಗದ

ಚಿನೋರ್ಲಿ, ಡಿಸೆಂಬರ್ 4

ಲೇ ಮುಹಯ್ಯೋ,

ಮೊದಲ ಹಿಮ ಬಿತ್ತು! ಹಿಮ ಆಕಾಶದ್ದು, ಕಾಗದ ನನ್ನದು, ಊಟ ನಿನ್ನದು.

ನೀನು ಇದನ್ನು ಬಿಚ್ಚಿ ಓದುವ ಹೊತ್ತಿಗೆ ನಾನು ನಿಮ್ಮ ಹಿತ್ತಲು ದಾಟಿರುತ್ತೇನೆ. ಬಿಸಿ ನಾನ್ ತಂದುಕೊಟ್ಟಳಲ್ಲ, ಎಂಥಾ ಒಳ್ಳೆ ಗೆಳತಿ ಅಂದುಕೊಂಡೆ ಅಲ್ವಾ? ಕಾಗದ ಆ ನಾನಿನ ಬಟ್ಟೆಯ ಮಡಿಕೆಯಲ್ಲೇ ಇತ್ತು, ದಡ್ಡಿ.

ಆಟದ ನಿಯಮ ನಿನಗೆ ಗೊತ್ತು. ಕತ್ತಲಾಗುವುದರೊಳಗೆ ನನ್ನನ್ನು ಹಿಡಿದರೆ ನನ್ನ ಮುಖಕ್ಕೆ ತಂದೂರಿನ ಮಸಿ ಬಳಿ. ಊಟವನ್ನೂ ನಾನೇ ಹಾಕುತ್ತೇನೆ. ಹಿಡಿಯದಿದ್ದರೆ, ನಾನು ಹೇಳಿದ ದಿನ, ಆ ದಿನ ನಿನ್ನ ತೋಟದಲ್ಲಿ ನಿಂತಿರುವ ಹಸಿರನ್ನೆಲ್ಲ ಕೊಯ್ದು, ಹಿಟ್ಟಿನೊಳಗೆ ಸೊಪ್ಪು ತುಂಬಿ ಸಮ್ಸಾ ಸುಟ್ಟು, ನಾನು ಕರೆತಂದವರಿಗೆಲ್ಲ ಎದೆಯ ಮೇಲೆ ಕೈಯಿಟ್ಟು ನಿಂತು ಬಡಿಸಬೇಕು. ಹೋದ ವರ್ಷ ನೀನು ನನ್ನ ಕೈಲಿ ಹನ್ನೆರಡು ಜನಕ್ಕೆ ಪಲಾವ್ ಮಾಡಿಸಿ, ಅಕ್ಕಿ ಗಟ್ಟಿ ಇದೆ ಅಂದಿದ್ದೆ. ಮರೆತಿಲ್ಲ.

ಓಡು. ನಾನಂತೂ ಓಡುತ್ತಿದ್ದೇನೆ.

ಗೋಡೆಯಾಚೆಯ ಗೆಳತಿ,
ಸುಂಬುಲಾ


ಚಿನೋರ್ಲಿ, ಡಿಸೆಂಬರ್ 7

ಗೋಡೆಯಾಚೆಯ ಕುಮಾರಿ ಸುಂಬುಲಾ ಅವರ ಅವಗಾಹನೆಗೆ,

ಇಲ್ಲಿ ಯಾರೂ ಕ್ಷೇಮವಾಗಿಲ್ಲ. ಅಲ್ಲಿ ನೀನೂ ಕ್ಷೇಮವಾಗಿರಬಾರದು ಎಂದು ದೇವರಲ್ಲಿ ಬೇಡಿಕೊಳ್ಳುತ್ತೇನೆ.

ಇದನ್ನು ಫೋನಿನಲ್ಲಿ ಏಕೆ ಬರೆಯಲಿಲ್ಲವೆಂದರೆ, ಫೋನಿನಲ್ಲಿ ನಿನ್ನ ಹೆಸರನ್ನು ಅಳಿಸಿದ್ದೇನೆ. ಅಲ್ಲದೆ ಕಾಗದವೆಂದರೆ ಸಾಕ್ಷಿ. ಇನ್ನು ಮುಂದೆ ನಮ್ಮಿಬ್ಬರ ನಡುವಿನ ವ್ಯವಹಾರವೆಲ್ಲ ಮಣ್ಣುಗೋಡೆಯ ಬಿರುಕಿನ ಮೂಲಕ, ಬರವಣಿಗೆಯಲ್ಲಿಯೇ ನಡೆಯತಕ್ಕದ್ದು. ಬಾಯಿ ಮಾತಿಗೆ ಟೂ. ಸಾಯೋವರೆಗೂ ಟೂ.

ಈ ಕೆಳಗಿನದು ಸ್ಥಳ ಮಹಜರು. ಡಿಸೆಂಬರ್ ಐದರ ಬೆಳಗ್ಗೆ, ಅಜ್ಜಿ ನೋರ್‌ಬೀಬಿಯವರ ನಲವತ್ತು ವರ್ಷದ ತೋಟದಲ್ಲಿ ಕಂಡುಬಂದಿದ್ದು: ಪಾಲಕ್ ಎರಡು ಮಡಿ, ಬೆಂದ ಸೊಪ್ಪಿನಂತೆ ನೆಲಕ್ಕೆ ಅಂಟಿದೆ. ಕೊತ್ತಂಬರಿ, ಕಪ್ಪು. ಎಲೆಕೋಸು, ಮುಟ್ಟಿದರೆ ಗಾಜಿನ ಸದ್ದು. ಈರುಳ್ಳಿ, ಬೆಳ್ಳುಳ್ಳಿಯ ಎಲೆಗಳು ಸತ್ತ ಹುಳುಗಳಂತೆ ಮಲಗಿವೆ. ಹಿಪ್ಪುನೇರಳೆ ಕೊಂಬೆ ಬಗ್ಗಿಸಿ ಕಟ್ಟಿದ ಗೂಡಿನ ಪ್ಲಾಸ್ಟಿಕ್ ಹಾಳೆಯಲ್ಲಿ, ಸರಿಯಾಗಿ ಒಬ್ಬ ಹುಡುಗಿ ನುಗ್ಗುವಷ್ಟು ಅಗಲದ ಹರಕು. ಹರಕಿನ ಅಂಚಿನಲ್ಲಿ ನಿನ್ನ ಕಿತ್ತಳೆ ಬಣ್ಣದ ಸ್ಕಾರ್ಫಿನ ಎಳೆ.

ಚಿಲ್ಲಾದ ನಲವತ್ತು ದಿನದ ಚಳಿ ಶುರುವಾಗಲು ಇನ್ನೂ ಮೂರು ವಾರ ಇತ್ತು. ಹಿಮ ಬಿದ್ದದ್ದು ಬೆರಳಗಲ. ಅದರ ಹಿಂದೆ ಮೈನಸ್ ಹದಿನಾಲ್ಕು ಬರುತ್ತದೆಂದು ಯಾರಿಗೆ ಗೊತ್ತಿತ್ತು? ಆ ಸಂಜೆ ಗೂಡಿನ ಹಾಳೆ ಇಳಿಸಿ ಕಲ್ಲು ಹೇರಬೇಕಾದ ವ್ಯಕ್ತಿ ಎರಡೂ ಕೈಗೆ ಮಸಿ ಬಳಿದುಕೊಂಡು ನಿನ್ನ ಸೋದರತ್ತೆಯ ಮನೆಯ ಬಾಗಿಲಲ್ಲಿ ಕಾಯುತ್ತಿದ್ದಳು ಎಂಬ ಅಂಶ ಈ ಮಹಜರಿಗೆ ಅನಗತ್ಯ.

ಅಜ್ಜಿ ಸೊಂಟ ಮುರಿದುಕೊಂಡ ಮೇಲೆ ಇದೇ ಮೊದಲ ವರ್ಷ ತೋಟವನ್ನು ನನ್ನ ಕೈಗೆ ಕೊಟ್ಟಿದ್ದಳು. ಈಗ ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಾಳೆ. ಬಯ್ಯುವುದೂ ಇಲ್ಲ. ಅಪ್ಪ ಬಂದು ನೋಡಿ ಹೇಳಿದ್ದು ಇಷ್ಟು: "ನವ್ರೂಜ್ ಹಬ್ಬದ ದಿನ ಇಲ್ಲಿಂದ ಒಂದು ಬುಟ್ಟಿ ಹಸಿರು ಬಂದ್ರೆ ಸರಿ. ಬರ್ಲಿಲ್ವೋ, ಸಿಮೆಂಟ್ ಸುರಿದು ಇಟ್ಟಿಗೆ ಅಚ್ಚು ಇಡ್ತೀನಿ. ಹುಡುಗಿಯರು ಕುಣಿಯೋಕೆ ನೆಲ ಖಾಲಿ ಬಿಡೋಕಾಗಲ್ಲ."

ಆದ್ದರಿಂದ ಘೋಷಿಸುವುದೇನೆಂದರೆ: ಈ ತೋಟ ಎದ್ದು ನಿಲ್ಲುತ್ತದೆ. ನಿಂತ ಮೇಲೆ, ನಿನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತೇನೆ. ಅಥವಾ ಮೊದಲು ಸೇಡು, ಆಮೇಲೆ ತೋಟ. ಅನುಕೂಲ ನೋಡಿಕೊಂಡು.

ನಿನ್ನ ಆಜನ್ಮ ವೈರಿ,
ಮುಹಯ್ಯೋ


ಡಿಸೆಂಬರ್ 9

ಮುಹಯ್ಯೋ, ಅಯ್ಯೋ,

ನಿನ್ನ ಮಹಜರು ಓದಿದೆ. ನನಗೆ ಆ ಭಾಷೆ ಬರಲ್ಲ. ನೇರವಾಗಿ ಕೇಳ್ತೀನಿ.

ಬೆನ್ನಟ್ಟೋ ಬದಲು ಮನೆಗೆ ಹೋಗಿ ಹಾಳೆ ಇಳಿಸಿದ್ರೆ ನಿನ್ನ ಪಾಲಕ್ ಸಾಯ್ತಿತ್ತಾ? ಹರಿದ ಹಾಳೆಗೆ ಒಂದು ಹಳೇ ಕಂಬಳಿ ಮುಚ್ಚೋಕೆ ಆಗ್ತಿರ್ಲಿಲ್ವಾ? ನಿನಗೆ ತೋಟಕ್ಕಿಂತ ಗೆಲ್ಲೋದು ದೊಡ್ಡದಾಯ್ತು.

ಇನ್ನೊಂದು. ನೀನು ಅತ್ತೆ ಬಾಗಿಲಲ್ಲಿ ಯಮನ ಹಾಗೆ ನಿಂತಿದ್ದಕ್ಕೆ ನಾನು ಆ ರಾತ್ರಿ ಪೂರ್ತಿ ಅಲ್ಲೇ ಸಿಕ್ಕಿಹಾಕ್ಕೊಂಡೆ. ನಮ್ಮ ತೋಟಕ್ಕೆ ಯಾರು ಮುಚ್ಚಬೇಕಿತ್ತು? ಅಮ್ಮ ಊರಲ್ಲಿರಲಿಲ್ಲ. ನಮ್ಮದೂ ಹೋಗಿದೆ. ಅಮ್ಮ ಬೀಜಕ್ಕೆ ಅಂತ ಬಿಟ್ಟಿದ್ದ ಈರುಳ್ಳಿ, ಅವಳ ತವರಿಂದ ಬಂದ ತಳಿ, ಅದೂ. ನಾನು ಅದನ್ನ ಮಹಜರು ಮಾಡಿಲ್ಲ. ಅಳ್ತಾ ಕೂತಿದ್ದೆ.

ಮತ್ತೆ, ನೀನು ನನ್ನ ಹಿಡೀಲಿಲ್ಲ. ಕತ್ತಲಾಯ್ತು. ಊಟ ಬಾಕಿ ಇದೆ.

ಸುಂಬುಲಾ


ಜನವರಿ 3

ಮಾನ್ಯ ಪಲಾಯನವೀರಳೇ,

ನಿಮ್ಮ ಮನೆಯ ಎದುರು ಹೊಸ ವರ್ಷದ ದಿನ ಎದ್ದು ನಿಂತ ಹಿಮದ ಬೊಂಬೆಯ ಕುರಿತು ಬೀದಿಯಲ್ಲಿ ತರಹೇವಾರಿ ಮಾತು ಕೇಳಿಬರುತ್ತಿದೆ. ಅದರ ಮೂಗಿಗೆ ನಮ್ಮ ತೋಟದ ಹೆಪ್ಪುಗಟ್ಟಿದ ಟರ್ನಿಪ್ ಬಳಸಲಾಗಿತ್ತು ಎಂಬುದೂ, ಕೊರಳಿಗೆ ಕಿತ್ತಳೆ ಬಟ್ಟೆ ಸುತ್ತಲಾಗಿತ್ತು ಎಂಬುದೂ, ಅದರ ಕಾಲುಗಳು ಓಡುವ ಭಂಗಿಯಲ್ಲಿದ್ದವು ಎಂಬುದೂ ನಿಜ. ಆದರೆ ಅದು ನಿನ್ನನ್ನೇ ಹೋಲುತ್ತಿತ್ತು ಎಂಬುದು ನೋಡಿದವರ ಅಭಿಪ್ರಾಯ. ನಿನ್ನ ಚಿಕ್ಕಪ್ಪನೇ ಅದಕ್ಕೆ "ಏನಮ್ಮಾ ಸುಂಬುಲಾ, ಚಳೀಲಿ ಹೊರಗ್ಯಾಕೆ?" ಎಂದು ಕೇಳಿದರಂತೆ. ವಯಸ್ಸಾದವರು.

ಅದನ್ನು ನೀನು ಒದ್ದು ಕೆಡವಿದೆ. ಕಾಲಿಗೆ ಪೆಟ್ಟಾಯಿತೆಂದು ಕೇಳಿದೆ. ಒಳಗೆ ಕಲ್ಲು ಇಟ್ಟಿದ್ದು ಯಾರೆಂದು ಗೊತ್ತಿಲ್ಲ.

ಇದು ಸೇಡಲ್ಲ. ಸೇಡಿನ ಮುನ್ನುಡಿ.

ಮುಹಯ್ಯೋ


ಜನವರಿ 19

ಮುಹಯ್ಯೋ,

ಕಾಲು ಪರವಾಗಿಲ್ಲ. ಕೇಳಲಿಲ್ಲ ನೀನು, ಆದ್ರೂ ಹೇಳ್ತೀನಿ.

ಒಂದೇ ಒಂದು ವಿಷಯಕ್ಕೆ ಜಗಳ ಪಕ್ಕಕ್ಕಿಡೋಣ. ಒಂದೇ ಕಾಗದದಷ್ಟು. ಆಮೇಲೆ ಮತ್ತೆ ಬಯ್ಯಿ.

ಅಮ್ಮ ದಿನಾ ತೋಟದ ಮುಂದೆ ನಿಂತು ವಾಪಸ್ ಬರ್ತಾಳೆ. ಏನು ಮಾಡ್ಬೇಕು ಅಂತ ಗೊತ್ತಾಗ್ತಿಲ್ಲ. ಎಲೆ ಎಲ್ಲ ಕೊಳೆತು ಲೋಳೆಯಾಗಿದೆ. ಕಿತ್ತು ಹಾಕ್ಬೇಕಾ, ಬಿಡ್ಬೇಕಾ? ಈರುಳ್ಳಿ ಗೆಡ್ಡೆ ಮಣ್ಣಲ್ಲಿ ಇನ್ನೂ ಜೀವ ಹಿಡ್ಕೊಂಡಿರತ್ತಾ? ನಮ್ಮ ಬೀದೀಲಿ ಇದು ಗೊತ್ತಿರೋದು ನಿನ್ನ ಅಜ್ಜಿಗೆ ಒಬ್ಬರಿಗೇ. ನಾನೇ ಬಂದು ಕೇಳ್ತಿದ್ದೆ, ಆದ್ರೆ ನಿಮ್ಮ ಬಾಗಿಲು ದಾಟೋಕೆ ನನಗೆ ಮುಖ ಇಲ್ಲ. ನೀನು ಕೇಳಿ ಹೇಳ್ತೀಯಾ?

ಸುಂಬುಲಾ


ಜನವರಿ 21

ಸುಂಬುಲಾ ಅವರಿಗೆ,

ತಮ್ಮ ಅರ್ಜಿ ತಲುಪಿತು. ಒಂದು ಕಾಗದದ ಮಟ್ಟಿಗೆ ಕದನವಿರಾಮಕ್ಕೆ ಒಪ್ಪಿದ್ದೇನೆ. ನಾನು ಕಟುಕಳಲ್ಲ.

ಅಜ್ಜಿಯನ್ನು ಕೇಳಿದೆ. ಅಜ್ಜಿ ದಿಂಬಿಗೆ ಒರಗಿ, ಕಣ್ಣು ಮುಚ್ಚಿ, ಬಹಳ ಹೊತ್ತು ಯೋಚಿಸಿ ಹೇಳಿದ್ದಿಷ್ಟು. ಸತ್ತ ಎಲೆ ಮಣ್ಣಿನ ಮೇಲಿದ್ದರೆ ಕೊಳೆ ಕೆಳಗಿಳಿಯುತ್ತದೆ; ಅದಕ್ಕೇ ಒಂದೂ ಬಿಡದೆ ಕಿತ್ತು ಬೀದಿಗೆ ಎಸೆಯಬೇಕು. ಈರುಳ್ಳಿ, ಬೆಳ್ಳುಳ್ಳಿ ಗೆಡ್ಡೆಗಳನ್ನು ಚಿಲ್ಲಾ ಮುಗಿಯುವುದರೊಳಗೆ ಅಗೆದು ತೆಗೆದು, ಚೀಲಕ್ಕೆ ತುಂಬಿ, ಒಲೆಯ ಪಕ್ಕ ಬೆಚ್ಚಗೆ ಇಡಬೇಕು. ಚಳಿ ಅವುಗಳ ಮೈಯಿಂದ ನಿಧಾನಕ್ಕೆ ಇಳಿಯುತ್ತದೆ. ಪಾಲಕ್ ಬುಡವನ್ನೂ ಉಳಿಸಬಾರದು. ಮಣ್ಣನ್ನು ಒಂದು ಮೊಳ ಆಳಕ್ಕೆ ಮಗುಚಿ, ಬರಿಮೈಯಲ್ಲಿ ಬಿಡಬೇಕು. ತೋಟ ಅಂಗಳದ ಹಾಗೆ ಚೊಕ್ಕ ಆಗಬೇಕು. ಆಮೇಲೆ ಮಾರ್ಚಿನಲ್ಲಿ ಗೆಡ್ಡೆ ವಾಪಸ್ ನೆಟ್ಟರೆ ಏನೂ ಆಗೇ ಇಲ್ಲ ಎನ್ನುವ ಹಾಗೆ ಏಳುತ್ತವೆ.

ಇದು ನೋರ್‌ಬೀಬಿ ಅಜ್ಜಿಯ ಮಾತು. ಅಕ್ಷರಕ್ಕೆ ಅಕ್ಷರ.

ಮುಹಯ್ಯೋ


ಜನವರಿ 21. ಈ ಕಾಗದ ಬಿರುಕಿಗೆ ಹಾಕುವುದಿಲ್ಲ. ಬೀಜದ ಡಬ್ಬಿಯ ತಳಕ್ಕೆ.

ಸುಂಬುಲಾ,

ಅಜ್ಜಿಯನ್ನು ನಿಜಕ್ಕೂ ಕೇಳಿದೆ. ಡಿಸೆಂಬರ್ ಐದರ ನಂತರ ಅಜ್ಜಿ ಮೊದಲ ಸಲ ಕಿಟಕಿಯಿಂದ ಈಚೆ ತಿರುಗಿ ಮಾತಾಡಿದಳು.

"ಕೈ ಹಚ್ಚಬೇಡಿ ಅನ್ನು," ಎಂದಳು. "ನೋಡೋಕೆ ಅಸಹ್ಯ ಅಂತ ಕಿತ್ತರೆ ಕೆಟ್ಟಿರಿ. ಆ ಕೊಳೆತ ಎಲೆಯೇ ಈಗ ಬುಡಕ್ಕೆ ಕಂಬಳಿ. ಸತ್ತಿರೋದು ಎಲೆ ಕಣೇ, ಬುಡ ಅಲ್ಲ. ಗೆಡ್ಡೆ ಮಣ್ಣಲ್ಲೇ ನಿಧಾನವಾಗಿ ಕರಗಬೇಕು. ಒಲೆ ಹತ್ರ ತಂದರೆ ಒಂದೇ ವಾರಕ್ಕೆ ಸಾರಾಗಿಬಿಡತ್ತೆ. ಮೇಲೆ ಕುರಿಗೊಬ್ಬರ ಉದುರಿಸಿ, ಸ್ವಲ್ಪ ಬೂದಿ. ಚಿಲ್ಲಾ ಮುಗಿದ ಮೇಲೆ ಕುಡಿ ತಾನಾಗೇ ಹೇಳತ್ತೆ ಬದುಕಿದೀನಾ ಇಲ್ವಾ ಅಂತ. ಸುಂಬುಲಾ ಅಮ್ಮಂಗೆ ಹೇಳು, ಆ ತಳಿ ಗಟ್ಟಿ, ಹೆದರಬೇಡ ಅಂತ."

"ಹೇಳ್ತೀನಜ್ಜಿ," ಅಂದೆ.

ನಮ್ಮ ತೋಟಕ್ಕೆ ಗೊಬ್ಬರ ಉದುರಿಸಿ ಬಂದೆ. ನಿನಗೆ ಬೇರೆ ಕಾಗದ ಬರೆದೆ. ಬಿರುಕಿಗೆ ತುರುಕಿದೆ. ನೀನು ಅದನ್ನು ಎಳೆದುಕೊಂಡ ಸದ್ದು ಕೇಳಿಸಿತು. ಇಷ್ಟು ಸುಲಭವಾ ಸೇಡು?

ಸಹಿ ಬೇಡ.


ಫೆಬ್ರವರಿ 10

ಮುಹಯ್ಯೋ,

ಅಜ್ಜಿ ಹೇಳಿದ ಹಾಗೇ ಮಾಡಿದ್ವಿ. ನಾನೂ ಅಮ್ಮನೂ ಆರು ದಿನ ಅಗೆದ್ವಿ. ನೆಲ ಕಲ್ಲು. ಅಮ್ಮನ ಅಂಗೈ ಒಡೆದು ಹೋಗಿದೆ, ಆದ್ರೂ ಖುಷಿಯಾಗಿದ್ದಾಳೆ, ಏನೋ ಒಂದು ಮಾಡ್ತಿದೀವಲ್ಲ ಅಂತ. ತೋಟ ಈಗ ಅಂಗಳದ ಹಾಗೆ ಚೊಕ್ಕ. ಗೆಡ್ಡೆ ಎರಡು ಚೀಲ ಒಲೆ ಪಕ್ಕ ಇದೆ. ಸ್ವಲ್ಪ ವಾಸನೆ ಬರ್ತಿದೆ. ಅದು ಚಳಿ ಇಳಿಯೋ ವಾಸನೆ ಅಂತಾಳೆ ಅಮ್ಮ.

ನಿಜ ಹೇಳ್ತೀನಿ, ಮೊದಲು ನಂಬಲಿಲ್ಲ. ನೀನಲ್ವಾ ಬರೆದಿದ್ದು. ಆಮೇಲೆ ಅಮ್ಮ ಅಂದ್ಲು, "ಅವಳು ಎಷ್ಟೇ ಕಿತಾಪತಿ ಮಾಡ್ಲಿ, ಅಜ್ಜಿ ಹೆಸರು ಹಾಕಿ ಸುಳ್ಳು ಬರೆಯೋ ಮಗು ಅಲ್ಲ." ಹೌದಲ್ಲ ಅನ್ನಿಸ್ತು.

ಥ್ಯಾಂಕ್ಸ್ ಕಣೇ. ಅಜ್ಜಿಗೂ ಹೇಳು.

ಸುಂಬುಲಾ


ಫೆಬ್ರವರಿ 26

ಸುಂಬುಲಾ,

ಹದಿನಾರು ದಿನ ಈ ಕಾಗದವನ್ನು ಬರೆದು ಹರಿದಿದ್ದೇನೆ. ಇವತ್ತು ಹರಿಯುವುದಿಲ್ಲ, ಏಕೆಂದರೆ ಇವತ್ತು ಗೆಲುವಿನ ದಿನ.

ನಮ್ಮ ತೋಟದಲ್ಲಿ ಈ ಬೆಳಗ್ಗೆ ಬೆಳ್ಳುಳ್ಳಿ ತಲೆಯೆತ್ತಿದೆ. ಕಪ್ಪು ಎಲೆಗಳ ಕೆಳಗಿನಿಂದ, ಸೂಜಿ ಚುಚ್ಚಿದ ಹಾಗೆ. ಪಾಲಕ್ ಬುಡದಲ್ಲಿ ಇಲಿಯ ಕಿವಿಯಷ್ಟು ಎಲೆ. ಅಜ್ಜಿಯನ್ನು ಎತ್ತಿಕೊಂಡು ಹೋಗಿ ತೋರಿಸಿದೆ. ಅಜ್ಜಿ ಮುಟ್ಟಿ ನೋಡಿದಳು, ಕೈಗೆ ಹತ್ತಿದ ಮಣ್ಣು ಒರೆಸಿಕೊಳ್ಳಲಿಲ್ಲ.

ಏಕೆ ಎದ್ದಿತು ಗೊತ್ತೇ? ನಾವು ಕೀಳಲಿಲ್ಲ. ಅಗೆಯಲಿಲ್ಲ. ಅಜ್ಜಿ ಹೇಳಿದ್ದೇ ಅದು. ನಿನಗೆ ಬರೆದದ್ದು ಅಜ್ಜಿಯ ಮಾತಲ್ಲ, ನನ್ನದು; ಒಂದೊಂದು ಸಾಲೂ ತಿರುಗು ಮುರುಗು. ಮಹಾಪ್ರಭು, ಇದೇ ಆ ಸೇಡು. ಡಿಸೆಂಬರಿನಲ್ಲಿ ಘೋಷಿಸಿದ್ದೆ, ಜನವರಿಯಲ್ಲಿ ಮುನ್ನುಡಿ ಬರೆದಿದ್ದೆ. ಎಚ್ಚರಿಕೆ ಕೊಡಲಿಲ್ಲ ಎನ್ನುವಂತಿಲ್ಲ.

ಚೀಲ ಬಿಚ್ಚಿ ನೋಡು.

ವಿಜಯಿ,
ಮುಹಯ್ಯೋ


ಫೆಬ್ರವರಿ 28

ಚೀಲ ಬಿಚ್ಚಿದ್ವಿ. ಸಾರು.

ಅಮ್ಮಂಗೆ ನೀನು ಬರೆದದ್ದನ್ನ ಹೇಳಿಲ್ಲ. ಅಜ್ಜಿಗೆ ವಯಸ್ಸಾಯ್ತು, ತಪ್ಪಾಗತ್ತೆ ಅಂತ ಅವಳೇ ಅಂದ್ಕೊಂಡ್ಲು. ಅನ್ಕೊಳ್ಳಲಿ.

ನನ್ನ ಹಿಮದ ಕಾಗದ ಮತ್ತೆ ಓದು. "ನಾನು ಹೇಳಿದ ದಿನ." "ನಿಂತಿರುವ ಹಸಿರನ್ನೆಲ್ಲ."

ದಿನ: ಮಾರ್ಚ್ 20. ನವ್ರೂಜ್‌ಗೆ ಒಂದು ದಿನ ಮುಂಚೆ. ಜನ: ಮೂವತ್ತೊಂದು ಹೆಂಗಸರು, ನನ್ನನ್ನೂ ಸೇರಿಸಿ. ಎಲ್ಲಾ ಕೊಯ್ಯಬೇಕು. ಒಂದು ಕಡ್ಡಿ ನಿಂತಿರಬಾರದು. ಮಾರನೇ ದಿನ ನಿಮ್ಮಪ್ಪ ಬುಟ್ಟಿ ಹಿಡ್ಕೊಂಡು ಬರಲಿ, ಏನು ಸಿಗತ್ತೆ ನೋಡೋಣ.

ಹಿಡೀಲಿಲ್ಲ ನೀನು ನನ್ನ.

ಸುಂಬುಲಾ


ಮಾರ್ಚ್ 14

ಸುಂಬುಲಾ ಅವರ ಸನ್ನಿಧಿಗೆ, ಮೇಲ್ಮನವಿ.

ಮೊದಲನೆಯದಾಗಿ, ಮೊದಲ ಹಿಮದ ಕಾಗದ ಎಂಬುದು ಆಟ. ಒಂದು ತೋಟ ಆಟಕ್ಕಿಂತ ದೊಡ್ಡದು. ಎರಡನೆಯದಾಗಿ... ಎರಡನೆಯದಿಲ್ಲ.

ಸೋಮವಾರದಿಂದ ಚಳಿಗಾಲದ ಕೊನೆಯ ಮುದುಕಿ ಚಳಿ ಬೀಸುತ್ತಿದೆ. ಹರಿದ ಹಾಳೆಗೆ ನನ್ನ ಹಳೆಯ ಅಂಗಿ, ಅಜ್ಜಿಯ ರಜಾಯಿ, ಹಿಟ್ಟಿನ ಚೀಲ ಹೊಲಿದು ಮುಚ್ಚಿದ್ದೇನೆ. ಅಂಗೈಯಷ್ಟು ಪಾಲಕ್ ಆಗಿದೆ, ಗೇಣುದ್ದ ಬೆಳ್ಳುಳ್ಳಿ. ಒಂದು ಬುಟ್ಟಿ ಆಗುತ್ತದೆ; ತುಳುಕುವಷ್ಟೇನಲ್ಲ, ಅಪ್ಪನ ಬಾಯಿ ಮುಚ್ಚುವಷ್ಟು. ನಿನ್ನ ದಿನವನ್ನು ಎರಡೇ ದಿನ ಮುಂದೂಡು. ಮಾರ್ಚ್ 22. ಆಮೇಲೆ ಬೇರುಸಮೇತ ತಿನ್ನು. ಅಂಗಡಿಯಿಂದ ಸೊಪ್ಪು ತಂದು ಮೂವತ್ತೊಂದಲ್ಲ, ಅರವತ್ತು ಜನಕ್ಕೆ ಬಡಿಸುತ್ತೇನೆ. ಎದೆ ಮೇಲೆ ಒಂದಲ್ಲ, ಎರಡೂ ಕೈ.

ಇದನ್ನು ಬೇಡುವಾಗ ನಾನು ಹಲ್ಲು ಕಡಿಯುತ್ತಿದ್ದೇನೆ ಎಂಬುದನ್ನು ಗಮನಿಸತಕ್ಕದ್ದು.

ಮುಹಯ್ಯೋ


ಮಾರ್ಚ್ 15

ಇಲ್ಲ.

ಹಿಂದಿನ ರಾತ್ರಿಯಿಂದ ಉಪವಾಸ ಇದ್ದು ಬರ್ತೀನಿ.

ಸುಂಬುಲಾ


ಮಾರ್ಚ್ 23

ಸುಂಬುಲಾ,

ನೀನು ಅಲ್ಲೇ ಇದ್ದೆ. ಆದರೂ ದಾಖಲೆಗೆಂದು ಬರೆಯುತ್ತಿದ್ದೇನೆ. ಬರೆಯದಿದ್ದರೆ ನಾನು ಅದನ್ನು ಕ್ರಮೇಣ ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ಬೆಳಗ್ಗೆ ಎಲ್ಲ ಕೊಯ್ದೆ. ಎರಡು ಬುಟ್ಟಿ ಆಯಿತು. ನಾನು ಊಹಿಸಿದ್ದರ ದುಪ್ಪಟ್ಟು. ಕೊಯ್ಯುವಾಗ ಸಂತೋಷವೂ ಹೊಟ್ಟೆಯುರಿಯೂ ಒಟ್ಟಿಗೆ ಆಗುತ್ತಿತ್ತು. ತಂದೂರಿನಿಂದ ಬಿಸಿ ಸಮ್ಸಾ ತೆಗೆದೆ. ಮೂವತ್ತೊಂದು ಜನ ಚಪ್ಪಲಿ ಬಿಟ್ಟು ಒಳಗೆ ಬಂದರು. ನೀನು ಎಲ್ಲರ ನಡುವೆ, ಮದುಮಗಳ ಹಾಗೆ. ಎದೆಯ ಮೇಲೆ ಕೈಯಿಟ್ಟು ನಿಂತೆ. ಸರಿ, ಮೂವತ್ತೊಂದು ಹೊಟ್ಟೆ ತುಂಬಿದ ಮೇಲೆ ಮುಗಿಯಿತು ಅಂದುಕೊಂಡಿದ್ದೆ.

ಆಗ ನೀನು ಎದ್ದೆ. ಚಹಾದ ಪಿಯಾಲೆ ಹಿಡಿದು, ಅಜ್ಜಿಯ ಕಡೆ ತಿರುಗಿ, ಜೇನಿನಂಥ ದನಿಯಲ್ಲಿ, "ಅಜ್ಜಿ, ನಿಮ್ಮ ಸಲಹೆಗೆ ನಮ್ಮ ಮನೆಯವರ ವಂದನೆ. ನೀವು ಹೇಳಿ ಕಳಿಸಿದ ಹಾಗೆ ಚಿಲ್ಲಾದಲ್ಲೇ ಎಲ್ಲ ಅಗೆದ್ವಿ, ಗೆಡ್ಡೆ ಒಲೆ ಪಕ್ಕ ಇಟ್ವಿ. ಒಂದೂ ಉಳೀಲಿಲ್ಲ."

ನಿನ್ನ ಸೇಡು ಅದೇ ಎಂದು ಆಗ ಗೊತ್ತಾಯಿತು. ಸೊಪ್ಪಲ್ಲ. ಅಜ್ಜಿ ನನ್ನನ್ನು ನೋಡಬೇಕು, ನನ್ನ ಸುಳ್ಳು ಅಜ್ಜಿಯ ಕಣ್ಣಲ್ಲಿ ಬಿಚ್ಚಿಕೊಳ್ಳಬೇಕು, ಅಷ್ಟು ಜನರ ಮುಂದೆ. ಚೆನ್ನಾಗಿ ಹೂಡಿದ್ದೆ. ನಾನೇ ಹೂಡಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಆದರೆ ಅಜ್ಜಿ ನನ್ನ ಮುಖ ನೋಡಲಿಲ್ಲ. ನನ್ನ ಕೈಯಲ್ಲಿದ್ದ ತಟ್ಟೆ ನೋಡಿದಳು. "ಹೌದಮ್ಮಾ," ಅಂದಳು. "ನಾನೇ ಹೇಳಿ ಕಳಿಸಿದ್ದು. ವಯಸ್ಸಾಯ್ತು ನೋಡು. ಬುದ್ಧಿಗೆ ಮಂಜು ಕವೀತಿದೆ."

ನಮ್ಮ ಬೀದಿಯ ತೋಶ್‌ಗುಲ್ ಅತ್ತೆ ಬಾಯೊಳಗಿನದ್ದನ್ನು ನುಂಗಿ, "ಪಾಪ, ನೋರ್‌ಬೀಬಿ ಕೈಗೂ ತುಕ್ಕು ಹಿಡೀತು. ಇನ್ಮೇಲೆ ಸಸಿ ವಿಚಾರ ಕೇಳೋಕೆ ಪೇಟೆಗೇ ಹೋಗ್ಬೇಕು" ಅಂದಳು. ನಕ್ಕರು. ನಲವತ್ತು ವರ್ಷ ಅಜ್ಜಿಯ ಬಾಗಿಲಿಗೆ ಬಂದು ಬೀಜ ಇಸಕೊಂಡವರು ನಕ್ಕರು. ಅಪ್ಪ ಚಹಾ ಕೆಟಲ್ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಆಮೇಲೆ ನನ್ನ ಬಾಯಿಂದ ಹೊರಬಂದದ್ದು ಮಹಜರಿನ ಭಾಷೆಯಲ್ಲಿ ಇರಲಿಲ್ಲ. "ಅಜ್ಜಿ ಹೇಳಿಲ್ಲ. ಅಜ್ಜಿ ಕೀಳಬೇಡಿ ಅಂದಿದ್ಳು. ನಾನು ಸುಳ್ಳು ಬರೆದೆ. ಅಜ್ಜಿ ಹೆಸರು ಹಾಕಿದೆ." ಅಷ್ಟೇ. ನೀನು ನಗುತ್ತೀಯ ಅಂದುಕೊಂಡಿದ್ದೆ. ನೀನು ಕೈಯಲ್ಲಿದ್ದ ಸಮ್ಸಾವನ್ನು ಅರ್ಧಕ್ಕೆ ಕೆಳಗಿಟ್ಟೆ. ನಿನ್ನ ಅಮ್ಮ ತನ್ನ ಅಂಗೈಯನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡರು. ಅದು ನನಗೆ ಕಾಣಬಾರದಿತ್ತು.

ಅಜ್ಜಿಯ ತೀರ್ಪು ನಿನಗೆ ಬಾಯಿಪಾಠ ಆಗಿರಬಹುದು. ನನಗೆ: "ನನ್ನ ಹೆಸರಲ್ಲಿ ಒಂದು ತೋಟ ಸಾಯಿಸಿದೀಯ. ಹೋಗಿ ಅದನ್ನ ಎಬ್ಬಿಸು. ಕೊಯ್ಲಿನ ತನಕ ನೀನು ಆ ಮಣ್ಣಲ್ಲಿ." ನಿನಗೆ: "ನೀನೂ ಕಮ್ಮಿ ಇಲ್ಲ. ಇವತ್ತು ಹೊಟ್ಟೆ ಹಸಿದು ಬಂದವಳಲ್ಲ ನೀನು, ಹೊಟ್ಟೆ ಉರಿದು ಬಂದವಳು. ಬೋಳು ಮಾಡಿದ ತೋಟನ ನೀನೇ ತುಂಬು. ಕೊಯ್ಲಿನ ತನಕ ಇದು ನಿನ್ನ ಕೈಲಿ."

ನೀನು ಹೋದ ಮೇಲಿನದು ನಿನಗೆ ಗೊತ್ತಿಲ್ಲ. ನವ್ರೂಜ್ ಬೆಳಗ್ಗೆ ಅಪ್ಪ, "ಬುಟ್ಟಿ ಎಲ್ಲಿ?" ಅಂದ. ಅಜ್ಜಿ, "ಮೂವತ್ತೊಂದು ಹೊಟ್ಟೇಲಿದೆ, ಒಂದೊಂದೇ ಬಾಗಿಲು ತಟ್ಟಿ ಕೇಳು. ಇನ್ನು ಆ ನೆಲ ಸುಂಬುಲಾ ಕೈಲಿದೆ. ಪರರ ಕೈಗೆ ಕೊಟ್ಟ ನೆಲದ ಮೇಲೆ ಸಿಮೆಂಟ್ ಸುರಿಯೋ ಮಗನ್ನ ನಾನು ಹೆತ್ತಿಲ್ಲ" ಅಂದಳು. ಅಪ್ಪ ಮೀಸೆ ಕಚ್ಚಿಕೊಂಡು, "ಟೊಮೇಟೊ ಹಣ್ಣಾಗೋ ತನಕ ನೋಡ್ತೀನಿ. ಹಣ್ಣು ಕಾಣಲಿಲ್ವೋ, ಯಾರ ಕೈಲಿದ್ರೂ ಕೇಳಲ್ಲ" ಅಂದ.

ಆದ್ದರಿಂದ ಪರಿಸ್ಥಿತಿ ಹೀಗಿದೆ. ನಮ್ಮ ತೋಟದ ಜೀವ ನಿನ್ನ ಕೈಲಿ. ನಿಮ್ಮ ತೋಟದ ಜೀವ ನನ್ನ ಕೈಲಿ. ಇಂಥಾ ಶಿಕ್ಷೆ ಶತ್ರುವಿಗೂ ಬೇಡ, ಆದರೆ ಶತ್ರುಗಳಿಗೇ ಸಿಕ್ಕಿದೆ.

ಟೂ ಹಾಗೇ ಇದೆ.

ಮುಹಯ್ಯೋ


ಏಪ್ರಿಲ್ 2

ಮುಹಯ್ಯೋ,

ಅಜ್ಜಿ ಕಿಟಕಿಯಲ್ಲಿ ಬೆಳೆಸಿದ ಟೊಮೇಟೊ ಸಸಿ ಅರವತ್ತು ಕೊಟ್ಟರು. ನೆಟ್ಟೆ. ಎರಡು ಸಾಲು, ಮೂವತ್ತು ಮೂವತ್ತು. ಕಿಟಕಿಯಿಂದ ಅಜ್ಜಿ "ಆಳ, ಇನ್ನೂ ಆಳ, ಕುತ್ತಿಗೆ ತನಕ ಹೂಳು" ಅಂತಿದ್ರು. ನಿನ್ನನ್ನು ನೆನೆಸ್ಕೊಂಡು ಹೂತೆ, ಚೆನ್ನಾಗಿ ಆಳ ಆಯ್ತು.

ಕೊಯ್ದ ಪಾಲಕ್ ಮತ್ತೆ ಚಿಗುರಿದೆ. ಎರಡು ಸಲ ತುಳಿಯಬೇಕು ಅನ್ನಿಸ್ತು. ಒಂದು ಸಲ ಕಾಲೂ ಎತ್ತಿದ್ದೆ.

ನೀನು ನಮ್ಮ ತೋಟದಲ್ಲಿ ಅಮ್ಮನ ಎದುರು ತಲೆ ಎತ್ತದೆ ಕೆಲಸ ಮಾಡ್ತೀಯಂತೆ. ಅಮ್ಮನ ತವರಿಗೆ ಹೋಗಿ ಆ ಈರುಳ್ಳಿ ಬೀಜ ಬೇಡಿ ತಂದಿದ್ದೀಯಂತೆ, ನಮ್ಮ ಮಾವ ಒಂದು ಗಂಟೆ ಹೊರಗೇ ನಿಲ್ಲಿಸಿದ್ರಂತೆ. ಅಮ್ಮ ಹೇಳಿದ್ಲು. ಇನ್ನೂ ಎರಡು ಗಂಟೆ ನಿಲ್ಲಿಸಬೇಕಿತ್ತು.

ಸುಂಬುಲಾ


ಏಪ್ರಿಲ್ 5, ಬೆಳಗ್ಗೆ

ಸುಂಬುಲಾ,

ಮಾನ್ಯರೇ ಗೀನ್ಯರೇ ಏನೂ ಇಲ್ಲ, ಬೇಗ ಓದು.

ಬೆಟ್ಟದ ಕಡೆ ಆಕಾಶ ತೊಳೆದಿಟ್ಟ ಹಾಗಿದೆ, ಗಾಳಿ ಸತ್ತಿದೆ. ನಾಳೆ ಬೆಳಗಿನ ಜಾವ ಮಂಜು ಕಚ್ಚುತ್ತದೆ. ಟೊಮೇಟೊ ತಡೆಯುವುದಿಲ್ಲ. ಹಾಳೆ ಈಗ ಚಿಂದಿ, ಅದನ್ನು ನಂಬಬೇಡ.

ಇವತ್ತು ಮಧ್ಯಾಹ್ನದೊಳಗೆ ಎರಡೂ ಸಾಲಿಗೆ ನೀರು ಬಿಡು. ಪೂರ್ತಿ, ಬುಡ ಮುಳುಗುವಷ್ಟು. ಚಳಿ ಬರುವ ದಿನ ನೀರು ಬಿಡು ಅನ್ನುವುದು ಕೇಳಿದರೆ, ನಿನ್ನನ್ನು ಎರಡನೇ ಸಲ ಮುಗಿಸಲು ಹೊರಟಿದ್ದೇನೆ ಅನ್ನಿಸುತ್ತದೆ, ಗೊತ್ತು. ನೆನೆದ ಮಣ್ಣು ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡು ಬೆಳಗಿನ ತನಕ ಬಿಡುತ್ತಿರುತ್ತದೆ. ಒಣ ಮಣ್ಣು ಒಂದೇ ಗಳಿಗೆಗೆ ತಣ್ಣಗಾಗುತ್ತದೆ. ನಿಮ್ಮ ತೋಟದ ಈರುಳ್ಳಿ ಮೊಳಕೆಗೆ ನಾನೂ ಈಗ ಬಿಡುತ್ತಿದ್ದೇನೆ. ಗೋಡೆ ಮೇಲಿಂದ ಬಗ್ಗಿ ನೋಡಿಕೋ.

ಇದು ಯಾರು ಹೇಳಿದ್ದು ಅಂತ ಬರೆಯುವುದಿಲ್ಲ. ಆ ಹೆಸರನ್ನು ಒಂದು ಸಲ ಕೆಡಿಸಿದ್ದೇನೆ. ನನ್ನ ಮಾತು ಅಂತಲೇ ತಗೋ. ಅದಕ್ಕೆ ನಿನ್ನ ಹತ್ತಿರ ಎಷ್ಟು ಬೆಲೆ ಇದೆಯೋ ಅಷ್ಟು.

ಮುಹಯ್ಯೋ


ಏಪ್ರಿಲ್ 6

ಮುಹಯ್ಯೋ,

ಕಾಗದ ಓದಿ ತುಂಬಾ ಹೊತ್ತು ಕಾಲುವೆ ನೀರು ತಡೆಯೋ ಹಲಗೆ ಹಿಡ್ಕೊಂಡು ನಿಂತಿದ್ದೆ. ಅಜ್ಜಿ ಮಲಗಿದ್ರು, ಕೇಳೋಕೆ ಆಗ್ಲಿಲ್ಲ. ಗೋಡೆ ಮೇಲಿಂದ ನೋಡಿದೆ, ನೀನು ನಿಜವಾಗ್ಲೂ ನೀರು ಬಿಡ್ತಿದ್ದೆ. ಅದು ನಮ್ಮ ತೋಟ ತಾನೇ, ಹಾಳಾದ್ರೆ ನಿನಗೇನು ಹೋಗ್ಬೇಕು ಅನ್ನಿಸ್ತು. ಮತ್ತೆ, ಇದು ಅವಳದೇ ತೋಟ ಅಲ್ವಾ, ಯಾಕೆ ಸುಳ್ಳು ಹೇಳ್ತಾಳೆ ಅನ್ನಿಸ್ತು. ಮತ್ತೆ ಚೀಲದ ವಾಸನೆ ನೆನಪಾಯ್ತು.

ಅದಕ್ಕೇ ಒಂದು ಸಾಲಿಗೆ ಮಾತ್ರ ಬಿಟ್ಟೆ.

ನೀರು ಬಿಟ್ಟ ಸಾಲು ನಿಂತಿದೆ. ಒಂದೆರಡು ಎಲೆ ಸುಟ್ಟಿದೆ, ಅಷ್ಟೇ. ಹಣ್ಣಾಗತ್ತೆ, ನಿಮ್ಮಪ್ಪನ ಬಾಯಿ ಮುಚ್ಚೋಕೆ ಅದು ಸಾಕು. ಇನ್ನೊಂದು ಸಾಲು ಬೆಂದು ಮಲಗಿದೆ.

ಮಲಗಿರೋದು ಮೂವತ್ತು. ನಾನು ಒಂದೊಂದನ್ನೂ ಮುಟ್ಟಿ ಎಣಿಸಿದೆ. ಒಂದನ್ನೂ ಕಿತ್ತಿಲ್ಲ. ನೀನೂ ಬಂದು ಎಣಿಸು.

ಸುಂಬುಲಾ